ಸ್ವಚ್ಛ ಮಾಡಿ ಕಳಿಸಿದ ಬೊಂಡಾಸ್

ವಾಲ್ಪರೈಸೊ, ಗುರುವಾರ

ಅಪ್ಪಾ,

ನೀನು ಕಳಿಸಿದ ಬೊಂಡಾಸ್ ಮೀನು ತಲುಪಿತು, ಲ್ಯಾಬಿನಲ್ಲಿ ನಾವು ಸ್ಕ್ವಿಡ್ ಅನ್ನುವುದು ಇದನ್ನೇ. ಚರ್ಮ ಸುಲಿದು, ಹೊಟ್ಟೆ ತೆಗೆದು, ಮೆತ್ತಗಾಗಲೆಂದು ಬಡಿದು, ಐಸಿನಲ್ಲಿಟ್ಟು ಕಳಿಸಿದ್ದೀಯ. "ಮಗಳ ಕೈ ಗಲೀಜಾಗಬಾರದು ಅಂದ ಕಣೇ ನಿಮ್ಮಪ್ಪ" ಎಂದು ಅದನ್ನು ತಂದುಕೊಟ್ಟ ನೊಲ್ಬೆರ್ತೊ ಮಾವ ನಕ್ಕ. ನಾನು ಓದಲು ಹೊರಟ ದಿನವೇ ಮಾತು ಬಿಟ್ಟವನು ನೀನು, ಇಷ್ಟೆಲ್ಲ ಯೋಚಿಸಿದೆಯಲ್ಲ!

ಆದರೆ ನನಗೆ ಬೇಕಿದ್ದದ್ದು ಅದರ ನರ ಅಪ್ಪಾ, ಜೀವ ಇರುವ ನರ. ಅದರಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆಂದು ಅಳೆಯುವುದೇ ನನ್ನ ಓದು. ಈ ಚಳಿಗಾಲವಿಡೀ ಜೀವಂತ ಬೊಂಡಾಸ್ ಒಂದೂ ಸಿಕ್ಕಿಲ್ಲ. "ಸೋಮವಾರದೊಳಗೆ ತರದಿದ್ದರೆ ನಿನ್ನ ಜಾಗ ಬೇರೆಯವರಿಗೆ, ಊರಿಗೆ ಹೊರಡಮ್ಮ" ಎಂದಿದ್ದಾರೆ ಪ್ರೊಫೆಸರ್.

ಇನ್ನೊಂದು ಸಿಕ್ಕರೆ, ದೋಣಿಗೆ ಎಳೆದ ಕೂಡಲೇ ತಲೆಗೆ ಹೊಡೆಯಬೇಡ. ಕಚ್ಚುತ್ತದೆ, ಮಸಿ ಉಗುಳುತ್ತದೆ, ಗೊತ್ತು. ಡ್ರಮ್ಮಿಗೆ ಸಮುದ್ರದ ನೀರು ತುಂಬಿ ಅದರೊಳಗೆ ಬಿಡು, ಸಾಕು. ಶನಿವಾರ ಬೆಳಿಗ್ಗೆ ದಡದಲ್ಲಿ ಕಾಯುತ್ತಿರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ.

ನೀನು ಕಳಿಸಿದ್ದನ್ನು ಬೇಯಿಸಿ ಲ್ಯಾಬಿನವರೆಲ್ಲ ತಿಂದರು. ಬೆಣ್ಣೆಯ ಹಾಗಿತ್ತಂತೆ. ನಾನು ಮಾತ್ರ ತಿನ್ನದೆ ಈ ಪತ್ರ ಬರೆಯಲು ಕೂತೆ, ಮಾವನ ಕೈಯಲ್ಲೇ ಕಳಿಸುತ್ತೇನೆ.

ಕೈ ಮುಗಿಯುತ್ತೇನೆ ಅಪ್ಪಾ, ಇದೊಂದು ಸಲ ನನ್ನ ಕೈ ಗಲೀಜಾಗಲಿ ಬಿಡು.

ನಿನ್ನ ಮಗಳು,
ಯೆಸೆನಿಯಾ