ಮಗುವಿನ ದೂರಿಗೆ ಮನೆಯವರೇ ದುಭಾಷಿ

ಫೆಬ್ರುವರಿ 11, ಮಂಗಳವಾರ, ನೆಬ್ರಾಸ್ಕಾ. ಶಾಲೆ ಬಿಟ್ಟು ಅರ್ಧ ಗಂಟೆಯಾಗಿದೆ. ಗ್ರಂಥಾಲಯದಲ್ಲಿ ನಾನೊಬ್ಬಳೇ ಇದ್ದೇನೆ. ಹೊರಗಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿದೆ.

ಶಾಲಾ ವಲಯದ ಅಧೀಕ್ಷಕರಿಗೆ,

ಮಾನ್ಯರೇ,

ನಿಮ್ಮ ವಲಯದ ಪ್ರಾಥಮಿಕ ಶಾಲೆಯೊಂದರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲಿರುವ ಒಬ್ಬ ಮನುಷ್ಯನ ಮೇಲೆ ದೂರು ಹೇಳಿದಳು. ಅವಳ ಸ್ಪ್ಯಾನಿಷ್ ಮಾತನ್ನು ಇಂಗ್ಲಿಷಿಗೆ ತರಲು ಶಾಲೆ ಅದೇ ಮನುಷ್ಯನನ್ನು ಕರೆಸಿತು. ಅವನು ಅನುವಾದಿಸಿದ, ಕಡತ ಮುಚ್ಚಿತು. ನಿಮಗೆ ಅವಸರವಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಉಳಿದದ್ದು ವಿವರ ಮಾತ್ರ.

ಹುಡುಗಿಯನ್ನು ಇಲ್ಲಿ ಯರೆತ್ಸಿ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಆಗಸ್ಟಿನಲ್ಲಿ ಗ್ವಾಟೆಮಾಲಾದಿಂದ ಬಂದವಳು, ಮೂರನೆಯ ತರಗತಿಯಲ್ಲಿದ್ದಾಳೆ. ತಾಯಿ ಮಾಂಸದ ಕಾರ್ಖಾನೆಯ ಮೊದಲ ಪಾಳಿಗೆ ಬೆಳಗಿನ ಐದಕ್ಕೇ ಹೊರಡುತ್ತಾರೆ. ಶಾಲೆಯ ಬಸ್ಸು ಬರುವುದು ಏಳೂವರೆಗೆ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿರುವವನು ತಾಯಿಯ ಸಂಗಾತಿ. ಜನವರಿಯಿಂದ ಅವಳು ಬೆಳಗಿನ ಮೊದಲ ಅವಧಿಗೆ ಗ್ರಂಥಾಲಯಕ್ಕೆ ಬಂದಾಗ ಬೆರಳುಗಳಿಂದ ಪುಟ ತಿರುಗಿಸುತ್ತಿರಲಿಲ್ಲ, ಅಂಗೈಯ ಅಂಚಿನಿಂದ ತಳ್ಳುತ್ತಿದ್ದಳು. ಫೆಬ್ರುವರಿ ಮೂರರ ಸೋಮವಾರ ಬೆರಳುಗಳಿಗೆ ಏನಾಯಿತೆಂದು ಕೇಳಿದೆ. ಅವಳು ಎರಡೇ ಪದ ಹೇಳಿದಳು: "ಮೆ ಸಾಕಾ."

ಹತ್ತೊಂಬತ್ತು ವರ್ಷ ಈ ಮಕ್ಕಳ ನಡುವೆ ಕಳೆದ ನನಗೆ ಅಷ್ಟು ಸ್ಪ್ಯಾನಿಷ್ ಬರುತ್ತದೆ. ಆ ಮಾತಿಗೆ 'ನನ್ನನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ' ಎಂಬ ಅರ್ಥವೂ ಇದೆ, 'ನನ್ನನ್ನು ಹೊರಗೆ ಹಾಕುತ್ತಾನೆ' ಎಂಬ ಅರ್ಥವೂ ಇದೆ. ಯಾವುದೆಂದು ಕೇಳಿದೆ. ಅವಳು ಬಾಗಿಲು ಎಳೆದು ಚಿಲಕ ಹಾಕುವಂತೆ ಕೈಯಾಡಿಸಿ ತೋರಿಸಿದಳು. ಅವನಿಗೆ ಮತ್ತೆ ಮಲಗಬೇಕಂತೆ, ಮನೆಯಲ್ಲಿ ಸದ್ದಾಗಬಾರದಂತೆ. ಬಸ್ಸು ಬರುವವರೆಗೆ ಅವಳು ಮೆಟ್ಟಿಲ ಮೇಲೆ ಕೂತಿರುತ್ತಾಳಂತೆ.

ನಾನು ಕೈಪಿಡಿಯಲ್ಲಿ ಇರುವಂತೆಯೇ ನಡೆದುಕೊಂಡೆ. ಅರ್ಜಿ ತುಂಬಿ ಮುಖ್ಯೋಪಾಧ್ಯಾಯರಿಗೆ ಕೊಟ್ಟೆ. ಕಚೇರಿಯ ಟ್ಯಾಮಿ ಅದನ್ನು ಓದಿ, "ಅರ್ಲೀನ್, ನಿಂಗ್ಯಾಕಮ್ಮ ಈ ಉಸಾಬರಿ? ಪುಸ್ತಕ ಜೋಡಿಸ್ಕೊಂಡು ಹಾಯಾಗಿರೋದು ಬಿಟ್ಟು" ಎಂದಳು. ಕೆಟ್ಟವಳಲ್ಲ, ಅದೇ ಮಧ್ಯಾಹ್ನ ಈ ದೂರಿನ ಬಗ್ಗೆ ಕರೆದ ಸಭೆಗೆ ನನಗೂ ಒಂದು ಕುರ್ಚಿ ಹಾಕಿಸಿದ್ದು ಅವಳೇ. ಆ ಕಚೇರಿಯ ಗೋಡೆಯ ಮೇಲೆ ನೀವೇ ಕಳಿಸಿದ ಭಿತ್ತಿಪತ್ರವಿದೆ: ಫೋನ್ ಮಾಡಿದರೆ ಯಾವ ಭಾಷೆಗಾದರೂ ದುಭಾಷಿ ಸಿಗುತ್ತಾರೆ. ಹತ್ತು ನಿಮಿಷ ಕಾಯಬೇಕಿತ್ತು. ಮನೆಯವರಲ್ಲಿ ಇಂಗ್ಲಿಷ್ ಬಲ್ಲವರು ಬಾಗಿಲಲ್ಲೇ ನಿಂತಿರುವಾಗ ಹತ್ತು ನಿಮಿಷ ಯಾಕೆ ಹಾಳು ಮಾಡಬೇಕು, ಅಲ್ಲವೇ?

ಅವನು ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಬೆಳಿಗ್ಗೆ ಹೇಳಿದ್ದನ್ನೇ ಮತ್ತೆ ಹೇಳುವಂತೆ ಯರೆತ್ಸಿಗೆ ಸೂಚಿಸಲಾಯಿತು. ಅವಳು ಹೇಳಿದಳು. ಅವನ ಮುಂದೆಯೇ ಹೇಳಿದಳು, ಮಾನ್ಯರೇ. ಆ ಕೋಣೆಯಲ್ಲಿದ್ದ ದೊಡ್ಡವರು ಯಾರೂ ಆ ದಿನ ಅಷ್ಟು ಧೈರ್ಯ ತೋರಿಸಲಿಲ್ಲ.

ಅವನು ನಕ್ಕು ಇಂಗ್ಲಿಷಿನಲ್ಲಿ ಹೇಳಿದ: "ನಾನು ಅವಳ್ನ ಹೊರಗೆ ಕರ್ಕೊಂಡು ಹೋಗ್ತೀನಿ ಅಂತಿದಾಳೆ ಸರ್. ಪಾರ್ಕಿಗೆ. ಅದಂದ್ರೆ ಇವಳಿಗೆ ಬಹಳ ಖುಷಿ."

"ಅದು ಹಾಗಲ್ಲ. ಹೊರಗೆ ಹಾಕ್ತಾನೆ ಅಂದಿದ್ದು ಅವಳು" ಎಂದೆ.

"ಅರ್ಲೀನ್, ನೀವು ಪ್ರಮಾಣಪತ್ರ ಇರೋ ದುಭಾಷಿ ಅಲ್ವಲ್ಲ" ಎಂದರು ಮುಖ್ಯೋಪಾಧ್ಯಾಯರು.

"ಇವರು?"

"ಇವರು ಮನೆಯವರು."

ಯರೆತ್ಸಿಗೆ ಈ ಇಂಗ್ಲಿಷ್ ಮಾತು ಅರ್ಥವಾಗಲಿಲ್ಲ. ಅವನು ಅವಳ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದ, ಅವಳು ನೆಲ ನೋಡುತ್ತಾ ತಲೆಯಾಡಿಸಿದಳು. ವರದಿಯಲ್ಲಿ ಅದು 'ಮಗು ದೃಢಪಡಿಸಿದೆ' ಎಂದು ದಾಖಲಾಗಿದೆ. ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಕಳಪೆ ಅನುವಾದಗಳನ್ನು ಬೇಕಾದಷ್ಟು ಓದಿದ್ದೇನೆ. ಆದರೆ ಅಲ್ಲಿ ಅನುವಾದಕನ ಹೆಸರನ್ನಾದರೂ ಅಚ್ಚು ಹಾಕಿರುತ್ತಾರೆ. ನಿಮ್ಮ ವರದಿಯಲ್ಲಿ ಆ ಜಾಗದಲ್ಲಿರುವುದು 'ಕುಟುಂಬದ ಸದಸ್ಯ' ಎಂಬುದಷ್ಟೆ.

ಕಳೆದ ವಾರ ಅವಳು ಒಂದು ಹೊಸ ಇಂಗ್ಲಿಷ್ ವಾಕ್ಯ ಕಲಿತಿದ್ದಾಳೆ. ಏನು ಕೇಳಿದರೂ, "ಏನಿಲ್ಲ ಮಿಸ್, ಚೆನ್ನಾಗಿದೀನಿ" ಎನ್ನುತ್ತಾಳೆ. ಉಚ್ಚಾರಣೆ ಸ್ಪಷ್ಟವಾಗಿದೆ. ಅವಳ ಭಾಷಾ ಪ್ರಗತಿಯ ಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬಹುದು. ಈ ಬೆಳಿಗ್ಗೆ ಎಡಗೈಯ ಎರಡು ಬೆರಳ ತುದಿಗಳು ಮೇಣದಂತೆ ಬೆಳ್ಳಗಾಗಿದ್ದವು. ದಾದಿ ಅವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿಸಿದರು. ದಾಖಲೆಯಲ್ಲಿ 'ಕೈಗವಸು ಕೊಡಲಾಯಿತು' ಎಂದಿದೆ. ನಾನು ಮತ್ತೆ ಕಚೇರಿಗೆ ಹೋದೆ. ಆ ಕಡತ ಮುಚ್ಚಿದೆ, ಶಾಲೆಯ ವಿಷಯ ಹೊರಗೆ ಹೋಗಬಾರದೆಂಬ ನಿಯಮ ನಿಮಗೆ ಗೊತ್ತೇ ಇದೆ, ಮೀರಿದರೆ ಕೆಲಸಕ್ಕೆ ತೊಂದರೆಯಾದೀತು ಎಂದರು ಮುಖ್ಯೋಪಾಧ್ಯಾಯರು. ವಿಷಯ ಹೊರಗೆ ಹೋಗಬಾರದು, ಮಗು ಹೋಗಬಹುದು. ಆ ನಿಯಮವನ್ನು ನಾನು ಹೀಗಲ್ಲದೆ ಇನ್ನು ಹೇಗೆ ಓದಲಿ?

ನನ್ನ ತಪ್ಪನ್ನೂ ಬರೆಯುತ್ತೇನೆ. ಆ ಸಭೆಯಾಗಿ ಎಂಟು ದಿನವಾಯಿತು. ಅಷ್ಟೂ ದಿನ, ನಾನು ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳಿಯಾಗಿದೆ ಎಂದುಕೊಂಡು ಮನೆಗೆ ಹೋಗಿ ಬೆಚ್ಚಗೆ ಕೂತೆ. ಅವಳು ಪ್ರತಿದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿದ್ದಳು.

ನಿಮ್ಮಿಂದ ಬೇಕಾದದ್ದು ಇದು. ಆ ಕಡತವನ್ನು ತೆರೆಯಿರಿ. ಯರೆತ್ಸಿಯ ಮಾತನ್ನು, ಅವನಿಲ್ಲದ ಕೋಣೆಯಲ್ಲಿ, ಅವಳಿಗೆ ಸಂಬಂಧವಿಲ್ಲದ ದುಭಾಷಿಯಿಂದ ಕೇಳಿಸಿ. ತಾಯಿಗೂ ಅದೇ ದುಭಾಷಿಯ ಮೂಲಕ ತಿಳಿಸಿ. ಅವರಿಗೆ ಇದು ಗೊತ್ತಿದೆಯೆಂದು ನನಗೆ ಅನ್ನಿಸುವುದಿಲ್ಲ. ಇನ್ನು ಮುಂದೆ ಯಾವ ಮಗುವಿನ ದೂರಿಗೂ ಮನೆಯವರು ದುಭಾಷಿಯಾಗಕೂಡದೆಂದು ಲಿಖಿತ ಆದೇಶ ಹೊರಡಿಸಿ.

ಈ ಪತ್ರದ ಒಂದು ಪ್ರತಿ ಊರಿನ ಪತ್ರಿಕೆಗೂ ಹೋಗುತ್ತದೆ. ಮಗು ಸುರಕ್ಷಿತವಾಗಿದೆಯೆಂದು ನಾನು ತಿಳಿಸುವವರೆಗೆ ಇದನ್ನು ಅಚ್ಚು ಹಾಕಬೇಡಿ ಎಂದು ಅದರ ಸಂಪಾದಕರಿಗೆ ಹೇಳಿದ್ದೇನೆ. ಆದರೆ ನಿಮ್ಮ ಉತ್ತರಕ್ಕೆ ನಾನು ಕಾಯುವುದಿಲ್ಲ. ರಾಜ್ಯದ ಮಕ್ಕಳ ರಕ್ಷಣಾ ಸಹಾಯವಾಣಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಇದಕ್ಕೆ ಸಹಿ ಹಾಕಿದ ಕೂಡಲೇ, ಇದೇ ಮೇಜಿನ ಫೋನಿನಿಂದ, ನನ್ನ ಹೆಸರು ಹೇಳಿಯೇ ಕರೆ ಮಾಡುತ್ತೇನೆ.

ಇಂತಿ,
ಎಂಟು ದಿನ ತಡವಾಗಿ,
ಅರ್ಲೀನ್ ವೋಂಡ್ರಾ
ಗ್ರಂಥಾಲಯ ಸಹಾಯಕಿ, ಸದ್ಯಕ್ಕೆ