ಡಬ್ಬಿಯಲ್ಲಿ ಇಲ್ಲದ ಗುಂಡು

ಫೆಬ್ರವರಿ ೧೨, ಗುರುವಾರ. ಮಾದಾಪುರ.

ಕಿಟಕಿ ಮೇಲಿನ ಡಬ್ಬಿಯಲ್ಲಿ ಗುಂಡು ಇಲ್ಲ. ಮತ್ತೆ ಮತ್ತೆ ನೋಡಿದೆ. ತೋಟಕ್ಕೆ ಬರೋ ಕಾಡುಹಂದಿ ಓಡಿಸೋಕೆ ಇವರು ರಾತ್ರಿ ಕೋವಿಗೆ ಗುಂಡು ತುಂಬಿಸ್ತಾರೆ, ಬೆಳಿಗ್ಗೆ ತೆಗೆದು ಆ ಡಬ್ಬಿಗೆ ಹಾಕ್ತಾರೆ. ಇವತ್ತು ಸಿನಿಮಾದವರು ಬಂದು ಹಳೇ ಕೋವಿ ಬೇಕು ಅಂದಿದ್ದೇ ತಡ, ಖುಷಿಯಲ್ಲಿ ಹಾಗೇ ಎತ್ತಿ ಕೊಟ್ಟುಬಿಟ್ಟರು. ಕೇಳಿದರೆ "ತೆಗೆದಿದ್ದೆ ಅನ್ಸುತ್ತೆ ಕಣೇ" ಅಂತಾರೆ. ಅನ್ಸುತ್ತಂತೆ!

ಬೆಳಗಾದರೆ ಎಸ್ಟೇಟ್ ಬಂಗಲೆಯಲ್ಲಿ ಶೂಟಿಂಗ್. ಗ್ಯಾಂಗಿನೊಳಗೆ ವೇಷ ಮರೆಸಿಕೊಂಡು ಸೇರಿರೋ ಪೊಲೀಸನ ಎದೆಗೆ ರೌಡಿ ಅದೇ ಕೋವಿ ಹಿಡೀಬೇಕು. ಕೋವಿ ತಗೊಂಡು ಹೋದ ಸಿನಿಮಾ ಮ್ಯಾನೇಜರ್ ಫೋನ್ ಸ್ವಿಚ್ ಆಫ್.

ಮಗಳು ಚಂದನಾಗೆ ನಗು. "ಅಮ್ಮಾ, ಈಗ ತೆಗೀತಿರೋದು ಎರಡನೇ ಭಾಗ, ಮೊದಲನೇ ಸಿನಿಮಾಕ್ಕಿಂತ ಹಿಂದಿನ ಕಥೆ. ಅದರಲ್ಲಿ ಆ ಪೊಲೀಸ್ ಬದುಕಿದ್ದಾನಲ್ಲ, ಇದರಲ್ಲಿ ಹೇಗೆ ಸಾಯ್ತಾನೆ?"

ಇವರು ಜೀಪ್ ಸ್ಟಾರ್ಟ್ ಮಾಡ್ತಿದ್ದಾರೆ. ನಾನೂ ಹೋಗ್ತೀನಿ. ಕೋವಿ ಆ ಸಿನಿಮಾ ನೋಡಿಲ್ಲವಲ್ಲ.