ಹಿಂಭಾರ

ಬೆಂಗಳೂರು
೬ ಮಾರ್ಚ್ ೧೯೪೭

ತೀರ್ಥರೂಪು ಅಪ್ಪನವರ ಪಾದಗಳಿಗೆ ಅಂಕಯ್ಯನ ನಮಸ್ಕಾರಗಳು.

ಸುದ್ದಿ ಮೊದಲು. ಫೆಬ್ರವರಿ ಹದಿಮೂರರಂದು ಕೆಟ್ಟ ವಿಮಾನದಲ್ಲಿದ್ದ ಹದಿನಾಲ್ಕು ಜನರೂ ಕ್ಷೇಮ. ಒಬ್ಬರಿಗೂ ಗಾಯವಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ವೀರಭದ್ರಸ್ವಾಮಿ ಮೇಷ್ಟ್ರು ಓದಿ ಹೇಳಿರಬಹುದು. ಅದರಲ್ಲಿ ‘ಸಹಚಾಲಕ’ ಎಂದಷ್ಟೇ ಇತ್ತು. ಆ ಸಹಚಾಲಕ ನಾನೇ. ವಿಚಾರಣೆ ಮುಗಿಯುವ ತನಕ ಯಾರಿಗೂ ಬರೆಯಕೂಡದೆಂದು ಕಂಪನಿಯ ಅಪ್ಪಣೆಯಾಗಿತ್ತು. ನಿನ್ನೆ ಮುಗಿಯಿತು. ಮೂರು ವಾರ ತಡವಾದುದಕ್ಕೆ ಕ್ಷಮಿಸಿ.

ಪತ್ರಿಕೆಗಿಂತ ಸರಿಯಾದ ವರದಿ ಅಕ್ಕ ರಾಚಕ್ಕ ನನಗೆ ಬರೆದ ಕಾಗದದಲ್ಲಿತ್ತು. ನಮ್ಮ ವಿಮಾನವೆಂದು ತಿಳಿಯದೆಯೇ ಬರೆದಿದ್ದಳು. ಆ ಬೆಳಿಗ್ಗೆ ನೀವು ಕಣದಲ್ಲಿ ರಾಗಿ ತೂರುತ್ತಿದ್ದಿರಂತೆ. ಕೆರೆಯ ಕಡೆಗೆ ಮೂತಿ ಎತ್ತಿಕೊಂಡು ಹೋಗುತ್ತಿದ್ದ ವಿಮಾನ ನೋಡಿ, “ಯಾವನ್ಲಾ ಅವ್ನು, ಇಂಬಾರ ಏರ್ಕೊಂಡು ಓಯ್ತಾವ್ನೆ! ಗಾಡಿ ಒಡ್ಯಾಕೆ ಬರಾಕಿಲ್ವಾ?” ಎಂದಿರಂತೆ. ಅದನ್ನು ಓದಿ ಹಾಸಿಗೆಯ ಮೇಲೆ ಬಿದ್ದು ನಕ್ಕೆ. ಅಪ್ಪಾ, ಅವನು ನಾನೇ. ನೀವು ಹೇಳಿದ್ದೂ ನಿಜ.

ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದೆವು. ವಿಮಾನದ ಬಾಲದಲ್ಲಿ ಎರಡು ಅಗಲವಾದ ಹಲಗೆಗಳಿವೆ. ಅವು ಆಡಿದಂತೆ ಮೂತಿ ಏಳುತ್ತದೆ, ಇಳಿಯುತ್ತದೆ. ಅವನ್ನು ಆಡಿಸುವ ಉಕ್ಕಿನ ಹಗ್ಗ ನಮ್ಮ ಕಡೆಯ ಸಾಲಿಗ್ರಾಮದ ಹೊಳೆ ದಾಟಿದ ಮೇಲೆ ಕಡಿದುಹೋಯಿತು. ನಮ್ಮ ಕ್ಯಾಪ್ಟನ್ ಗುರುಮಲ್ಲಪ್ಪನವರು ಹಿಡಿಯನ್ನು ಎದೆಯವರೆಗೆ ಎಳೆದರು, ಮುಂದಕ್ಕೆ ತಳ್ಳಿದರು. ಏನೂ ಆಗಲಿಲ್ಲ. ಅಂಚೆ ಮೂಟೆಗಳನ್ನೆಲ್ಲ ಹಿಂದೆ ಪೇರಿಸಿದ್ದರು. ಮೂತಿ ಏಳುತ್ತಲೇ ಹೋಯಿತು. ಹಾಗೆ ಎದ್ದರೆ ವೇಗ ಸತ್ತು ವಿಮಾನ ಕಲ್ಲಿನಂತೆ ಬೀಳುತ್ತದೆ.

ನನ್ನ ಬಾಯಿಂದ ಇಂಗ್ಲಿಷ್ ಬರಲಿಲ್ಲ. “ಸಾರ್, ಇಂಬಾರ ಆಗೈತೆ. ಮೂಕಿ ಏಳ್ತೈತೆ” ಎಂದೆ. ಗಾಡಿಯ ಹಿಂದೆ ಭಾರ ಹೆಚ್ಚಾಗಿ ನೊಗದ ಮರ ಮೇಲೇಳುವಾಗ ನೀವು ಆಡುವ ಮಾತೇ ಬಂತು.

“ಏನಂದೆ?”

“ಜನಾನ ಮುಂದಕ್ಕೆ ಕೂರಿಸ್ಬೇಕು ಸಾರ್.”

ಅವರು ಬಾಗಿಲಿನ ಕಡೆ ಕೈ ತೋರಿದರು. “ಹೋಗು, ಬೇಗ ಕೂರಿಸು.”

ಹಿಂದಿನ ಸೀಟಿನಲ್ಲಿ ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿ ಚನ್ನಬಸವಣ್ಣನವರಿದ್ದರು. ಆಳು ಎರಡು ಮೂಟೆಯಷ್ಟು ತೂಕ. “ನಾನ್ಯಾಕೆ ಏಳ್ಲಿ? ಇಂದ್ಗಡೆ ಸೀಟೇ ಬೇಕು ಅಂತ ಕೇಳಿ ತಕಂಡಿವ್ನಿ ಕಣಯ್ಯಾ” ಎಂದು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡರು. ಆಗ ಪಿರಿಯಾಪಟ್ಟಣದ ಕಡೆಯ ಕೆಂಪಾಜಮ್ಮ ಎಂಬ ಮುದುಕಿ, ಮೊಮ್ಮಗುವನ್ನು ನೋಡಲು ಹೊರಟಿದ್ದವರು, ಎದ್ದು ನಿಂತರು. “ಏಳ್ರೀ ಸೌಕಾರ್ರೆ! ಗಾಡಿ ಇಂಬಾರ ಆಗೈತೆ ಅಂತ ಯೋಳ್ತಾವ್ನೆ. ನಿಮ್ಮಂತೋರು ಇಂದೆ ಕೂತ್ರೆ ಎತ್ತಿನ್ ಗತಿ ಏನು?”

ಜನ ಆ ಹೊತ್ತಿನಲ್ಲೂ ನಕ್ಕರು. ಸಾಹುಕಾರರು ಎದ್ದರು. ಮುಂದೆ ಒಬ್ಬರ ಮೇಲೊಬ್ಬರು ಕೂತದ್ದಾಯಿತು, ಅಂಚೆ ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸಿದ್ದಾಯಿತು. ಮೂತಿ ಮೆಲ್ಲಗೆ ಇಳಿಯಿತು.

ನಮ್ಮ ಕೆರೆಯ ಮೇಲೆ ಸುತ್ತು ಹಾಕಿ ಮೈಸೂರಿನ ಕಡೆ ತಿರುಗಿದೆವು. ಗುರುಮಲ್ಲಪ್ಪನವರು ಎಂಜಿನ್ನಿನ ಜೋರನ್ನು ಹೆಚ್ಚುಕಡಿಮೆ ಮಾಡುತ್ತಲೇ ಎತ್ತರ ಇಳಿಸಿದರು. ನೆಲ ಮುಟ್ಟುವ ಮುಂಚೆ ಮೂತಿ ತುಸು ಏಳಬೇಕು. ಅವರು ಕೂಗಿದರು, ನಾನು ಬಾಗಿಲಿನಿಂದ ಕೈ ಬೀಸಿದೆ: “ಸೌಕಾರ್ರೆ, ಈಗ ಎರಡೆಜ್ಜೆ ಇಂದಕ್ಕೆ!”

“ಒಂದ್ಕಿತ ಮುಂದಕ್ಕೆ, ಒಂದ್ಕಿತ ಇಂದಕ್ಕೆ! ನಾನೇನು ಗಾಣದೆತ್ತೇನಯ್ಯಾ?” ಎನ್ನುತ್ತಲೇ ಸರಿದರು. ಚಕ್ರ ನೆಲ ಮುಟ್ಟಿತು. ವಿಮಾನವನ್ನು ಇಳಿಸಿದ್ದು ತಾವೇ ಎಂದು ಸಾಹುಕಾರರು ಈಗ ಹುಣಸೂರಿನಲ್ಲೆಲ್ಲ ಹೇಳುತ್ತಿದ್ದಾರಂತೆ. ಸುಳ್ಳೇನಲ್ಲ, ಹೇಳಲಿ ಬಿಡಿ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದರು, “ಭಾರ ಸರಿಸುವುದನ್ನು ಎಲ್ಲಿ ಕಲಿತಿರಿ?” “ನಮ್ಮ ತಂದೆಯವರ ಗಾಡಿಯಲ್ಲಿ” ಎಂದೆ. ಅವರು ನಗಲಿಲ್ಲ, ಹೆಸರು ಕೇಳಿ ಬರೆದುಕೊಂಡರು. ವರದಿಯ ಮೂರನೆಯ ಪುಟದಲ್ಲಿ ‘ಮಂಚಯ್ಯ, ಗಾಡಿ ಹೊಡೆಯುವವರು, ಕಟ್ಟೆಮಳಲವಾಡಿ’ ಎಂದು ಟೈಪಾಗಿದೆ. ನಾನೇ ಕಣ್ಣಾರೆ ನೋಡಿದೆ.

ಇದನ್ನು ಓದಿ ಹೇಳುತ್ತಿರುವ ಅಕ್ಕನಿಗೂ ನನ್ನ ನಮಸ್ಕಾರ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗ
ಅಂಕಯ್ಯ

ಮರೆತ ಮಾತು: ರಾಚಕ್ಕ, ಇಲ್ಲಿಂದ ಮುಂದಿನದನ್ನು ಅಪ್ಪ ಒಬ್ಬರೇ ಇರುವಾಗ ಓದಿ ಹೇಳು.

ಅಪ್ಪಾ, ಒಂಬತ್ತು ವರ್ಷದ ಹಿಂದೆ ಕೊಪ್ಪದ ಸಂತೆಯಿಂದ ಬರುವಾಗ ಏರಿನಲ್ಲಿ ಮೂಕಿ ಎದ್ದು, ಕೊರಳ ಹಗ್ಗ ಬಿಗಿದು ನಮ್ಮ ಎತ್ತು ಬೋರ ಸತ್ತಿತು. ನಾನು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದೆ. ನಿದ್ದೆ ಬಂದಿತ್ತು, ಮುಂದಕ್ಕೆ ಬಾ ಎಂದು ನೀವು ಕರೆದದ್ದು ಕೇಳಿಸಲಿಲ್ಲ ಎಂದು ಹೇಳಿದೆ. ನೀವು ನಂಬಿದಿರಿ. “ನಾನೇ ಗಟ್ಟಿಯಾಗಿ ಕೂಗ್ಬೇಕಾಗಿತ್ತು” ಎಂದು ಇವತ್ತಿಗೂ ಕೊರಗುತ್ತೀರಿ. ನೀವು ಗಟ್ಟಿಯಾಗಿಯೇ ಕೂಗಿದ್ದಿರಿ. ಎರಡು ಸಲ. ನನಗೆ ನಿದ್ದೆ ಬಂದಿರಲಿಲ್ಲ. ಏಳಲು ಮನಸ್ಸಾಗಲಿಲ್ಲ, ಅಷ್ಟೆ. ವಿಮಾನದಲ್ಲಿ ಸಾಹುಕಾರರು ಸೀಟು ಹಿಡಿದುಕೊಂಡಾಗ ಕೆಂಪಾಜಮ್ಮ ಅವರನ್ನು ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ.

ಹದಿನಾರನೇ ತಾರೀಕು ಭಾನುವಾರ ನನಗೆ ರಜೆ. ಗಾಡಿ ತಂದರೆ ಮುಂದೆಯೇ ಕೂರುತ್ತೇನೆ. ಮೈಸೂರಿನ ಬಸ್ಸು ಹನ್ನೊಂದು ಗಂಟೆಗೆ ಹುಣಸೂರಿಗೆ ಬರುತ್ತದೆ.